ಎಬ್ಬಿಸುವವರಿಲ್ಲದ ರೈಲು

“ಬಳ್ಳಾರಿ ದಾಟಿದ ಮೇಲೆ ಸ್ವಲ್ಪ ಎಬ್ಬಿಸ್ರಿ.” ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದಾಗಲೆಲ್ಲ ಎದುರು ಸೀಟಿನವರಿಗೆ ನಾನು ಹೇಳುತ್ತಿದ್ದ ಮಾತು ಇದು. ಅವರು ಯಾರು, ಎಲ್ಲಿಗೆ ಹೊರಟವರು, ಆ ಹೊತ್ತಿಗೆ ಅವರೇ ಎದ್ದಿರುತ್ತಾರಾ ಇಲ್ವಾ, ಒಂದೂ ಗೊತ್ತಿರುತ್ತಿರಲಿಲ್ಲ. ಹೇಳಿ ಮಲಗಿದರೆ ನನ್ನ ಕೆಲಸ ಮುಗೀತು. ತೋರಣಗಲ್ಲು ಬರುವಷ್ಟರಲ್ಲಿ ಯಾರೋ ಒಬ್ಬರು ಕಾಲು ಹಿಡಿದು ಅಲ್ಲಾಡಿಸುತ್ತಿದ್ದರು. ಕೆಲವು ಸಲ ನಾನು ಹೇಳಿದ್ದ ಮನುಷ್ಯ ಗೊರಕೆ ಹೊಡೆಯುತ್ತಿರುತ್ತಿದ್ದ. ನನ್ನ ಮಾತು ಕಿವಿಗೆ ಬಿದ್ದಿದ್ದ ಮೇಲಿನ ಬರ್ತಿನವರು ಎಬ್ಬಿಸುತ್ತಿದ್ದರು. ಹೊಸಪೇಟೆ ತಪ್ಪಿಸಿಕೊಂಡು ಕೊಪ್ಪಳದಲ್ಲಿ ಇಳಿಯುವ ಗತಿ ನನಗೆ ಒಮ್ಮೆಯೂ ಬರಲಿಲ್ಲ.

ಹ್ಯಾಂಬರ್ಗಿಗೆ ಬಂದು ಎಂಟು ವರ್ಷ ಆಯಿತು. ಇಲ್ಲಿಂದ ಉತ್ತರಕ್ಕೆ ಹಳಿ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಒಬ್ಬನೇ ಹೋಗಿ ಬರಬೇಕು ಅನ್ನುವ ಹುಚ್ಚು ಬಹಳ ದಿನದಿಂದ ಇತ್ತು. ಒಂದು ಜೂನ್‌ನಲ್ಲಿ ಹೊರಟೇಬಿಟ್ಟೆ. ಹ್ಯಾಂಬರ್ಗಿನಿಂದ ಕೋಪನ್‌ಹೇಗನ್, ಅಲ್ಲಿಂದ ಸ್ಟಾಕ್‌ಹೋಮ್, ಅಲ್ಲಿಂದ ರಾತ್ರಿ ರೈಲಿನಲ್ಲಿ ನಾರ್ವೆಯ ನಾರ್ವಿಕ್. ಎಲ್ಲ ಸೇರಿ ಸುಮಾರು 2,500 ಕಿಲೋಮೀಟರ್. ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಕೂಡ ಹೆಚ್ಚುಕಡಿಮೆ ಅಷ್ಟೇ ದೂರ ಓಡುತ್ತದೆ. ಓದುವ ಕಾಲದಲ್ಲಿ ಅದರ ಸ್ಲೀಪರ್ ಬೋಗಿಯಲ್ಲಿ ಎರಡು ಸಲ ದಿಲ್ಲಿಗೆ ಹೋಗಿದ್ದೇನೆ. ಮೇ ತಿಂಗಳ ಬಿಸಿಲು, ಕಿಟಕಿಯಿಂದ ಕುಲುಮೆಯ ಗಾಳಿ. ಇಳಿದಾಗ ಮೈಯೆಲ್ಲ ಧೂಳು, ಸೊಂಟ ನೋವು. ಆದರೂ ಸ್ನಾನ ಮಾಡಿ, ಉಂಡು, ಅವತ್ತೇ ಸಂಜೆ ಚಾಂದನಿ ಚೌಕ್‌ಗೆ ಹೋಗಿದ್ದೆ. ನಾರ್ವಿಕ್‌ನಲ್ಲಿ ಇಳಿದಾಗ ಧೂಳಿಲ್ಲ, ಬೆವರಿಲ್ಲ, ಸೊಂಟವೂ ನೋಯುತ್ತಿರಲಿಲ್ಲ. ಆದರೆ ಹಾಸಿಗೆ ಮೇಲೆ ಬಿದ್ದವನು ಹದಿಮೂರು ಗಂಟೆ ಏಳಲಿಲ್ಲ.

ಅಷ್ಟು ಚೆಂದದ ಸೀಟು, ಅಷ್ಟು ಸ್ವಚ್ಛವಾದ ಬೋಗಿ, ಆದರೂ ಇಷ್ಟೊಂದು ಸುಸ್ತು ಯಾಕೆ? ಅವತ್ತಿನಿಂದ ಯೋಚಿಸುತ್ತಿದ್ದೇನೆ.

ತಪ್ಪು ಮೊದಲು ನನ್ನದೇ. ಬುದ್ಧಿ ಇರುವವರು ಸ್ಟಾಕ್‌ಹೋಮಿನಲ್ಲಿ ಒಂದು ರಾತ್ರಿ ತಂಗಿ ಮುಂದೆ ಹೋಗುತ್ತಾರೆ. ನಾನು ಬೆಳಿಗ್ಗೆ ಹ್ಯಾಂಬರ್ಗ್ ಬಿಟ್ಟು, ಸಂಜೆ ಸ್ಟಾಕ್‌ಹೋಮಿನಲ್ಲಿ ನಾರ್ವಿಕ್ ರೈಲು ಹಿಡಿಯುವ ಲೆಕ್ಕ ಹಾಕಿದ್ದೆ. ಕಾಗದದ ಮೇಲೆ ಎಲ್ಲವೂ ಸರಿಯಾಗಿ ಕೂತಿತ್ತು. ನಮ್ಮಲ್ಲಿ ಇಂಥ ಲೆಕ್ಕ ಹಾಕುವ ಧೈರ್ಯ ನನಗೆ ಬರುತ್ತಲೇ ಇರಲಿಲ್ಲ. ಯೂರೋಪ್ ಅಲ್ವಾ, ರೈಲು ಸಮಯಕ್ಕೆ ಓಡುತ್ತವೆ ಅಂದುಕೊಂಡೆ. ಎಂಟು ವರ್ಷ ಜರ್ಮನಿಯಲ್ಲಿದ್ದೂ ಹಾಗೆ ಅಂದುಕೊಂಡೆನಲ್ಲ, ಅದಕ್ಕೆ ಏನು ಹೇಳುವುದು.

ಫ್ಲೆನ್ಸ್‌ಬರ್ಗ್ ಕಡೆಗೆ ಹೋಗುವಾಗ ಹೊಲದ ನಡುವೆ ರೈಲು ನಿಂತಿತು. ಮೈಕಿನಲ್ಲಿ ಏನೋ ತಾಂತ್ರಿಕ ತೊಂದರೆ, ಕ್ಷಮಿಸಿ ಅಂದರು. ಇಪ್ಪತ್ತು ನಿಮಿಷ ಆಯಿತು. ಐವತ್ತು ಆಯಿತು. ಬೋಗಿಯಲ್ಲಿ ಅರವತ್ತು ಜನ ಇದ್ದಿರಬೇಕು. ಒಬ್ಬರೂ ಪಕ್ಕದವರತ್ತ ತಿರುಗಲಿಲ್ಲ. ಕಿಟಕಿಯ ಹೊರಗೆ ಕಪ್ಪು ಬಿಳಿ ಹಸುಗಳು ಮೇಯುತ್ತಿದ್ದವು. ಅವು ಕೂಡ ನಮ್ಮನ್ನು ನೋಡಲಿಲ್ಲ. ನಾನು ಪಕ್ಕದವನನ್ನು “ಜಾಸ್ತಿ ಹೊತ್ತು ಆಗಬಹುದಾ?” ಅಂತ ಕೇಳಿದೆ. “ಗೊತ್ತಿಲ್ಲ” ಅಂದ, ನಕ್ಕ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ. ಒರಟುತನ ಇರಲಿಲ್ಲ ಅದರಲ್ಲಿ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ, ಗೊತ್ತಿಲ್ಲದ ಮೇಲೆ ಮಾತಾಡುವುದು ಏನಿದೆ?

ಗುಂತಕಲ್ ಹೊರಗೆ ಹಂಪಿ ಎಕ್ಸ್‌ಪ್ರೆಸ್ ನಿಂತರೆ ನಮ್ಮ ಬೋಗಿಯಲ್ಲೂ ಯಾರಿಗೂ ಏನೂ ಗೊತ್ತಿರುತ್ತಿರಲಿಲ್ಲ. ಆದರೆ ಹತ್ತು ಜನ ಹತ್ತು ಕಾರಣ ಹೇಳುತ್ತಿದ್ದರು. “ಕ್ರಾಸಿಂಗ್ ಐತಿ.” “ಇಲ್ಲಪಾ, ಗೂಡ್ಸ್ ಗಾಡಿ ಮುಂದ ಬಿಟ್ಟಾರ.” “ಡ್ರೈವರ್ ಚಾ ಕುಡಿಯಾಕ ಹೋಗ್ಯಾನ.” ಒಬ್ಬ ಕೆಳಗಿಳಿದು ಹಳಿ ಪಕ್ಕ ನಿಂತು, ಸಿಗ್ನಲ್ ಕೆಂಪು ಐತಿ ಅಂತ ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದ. ಇದರಿಂದ ರೈಲು ಒಂದು ನಿಮಿಷ ಬೇಗ ಹೊರಡುತ್ತಿರಲಿಲ್ಲ. ಆದರೆ ತಡವಾದದ್ದು ನನಗೊಬ್ಬನಿಗೆ ಅಂತ ಅನಿಸುತ್ತಿರಲಿಲ್ಲ. ಇಡೀ ಬೋಗಿಗೆ ಸೇರಿದ ತೊಂದರೆ, ಇಡೀ ಬೋಗಿ ಬೈಯುತ್ತಿತ್ತು.

ಇಲ್ಲಿ ನನ್ನ ಜೊತೆ ಮಾತಾಡಿದ್ದು ಮೊಬೈಲ್ ಒಂದೇ. ಎಷ್ಟು ನಿಖರವಾಗಿ ಮಾತಾಡಿತು ಅಂದರೆ, ಕೋಪನ್‌ಹೇಗನ್‌ನಲ್ಲಿ ನನ್ನ ಮುಂದಿನ ರೈಲು ಎಷ್ಟು ನಿಮಿಷದಲ್ಲಿ ತಪ್ಪುತ್ತದೆ ಅನ್ನುವುದನ್ನು ಮೂರು ಗಂಟೆ ಮೊದಲೇ ತಿಳಿಸಿತು. ಆ ಮೂರು ಗಂಟೆ ನಾನು ಏನೂ ಮಾಡುವಂತಿರಲಿಲ್ಲ. ಸುಮ್ನೆ ಆ ಅಂಕಿ ಹನ್ನೆರಡಾಗಿ, ಹದಿನೇಳಾಗಿ, ನಲವತ್ತೊಂದಾಗಿ ಬೆಳೆಯುವುದನ್ನು ನೋಡುತ್ತಾ ಕೂತೆ.

ಈ ದಾರಿಗೆ ಒಂದು ಚೆಂದದ ಹಳೆಯ ಕಥೆ ಇದೆ. 2019ರ ಡಿಸೆಂಬರ್‌ವರೆಗೂ ಹ್ಯಾಂಬರ್ಗ್–ಕೋಪನ್‌ಹೇಗನ್ ರೈಲು ಪುಟ್‌ಗಾರ್ಡೆನ್ ಅನ್ನುವಲ್ಲಿ ಸೀದಾ ಹಡಗಿನ ಹೊಟ್ಟೆಯೊಳಗೆ ಹೋಗುತ್ತಿತ್ತು. ಜನ ಇಳಿದು ಹಡಗಿನ ಮೇಲಂತಸ್ತಿಗೆ ಹೋಗಿ ಕಾಫಿ ಕುಡಿದು, ಮುಕ್ಕಾಲು ಗಂಟೆ ಸಮುದ್ರ ನೋಡಿ, ಆ ಕಡೆ ರೋಡ್‌ಬಿಯಲ್ಲಿ ಮತ್ತೆ ರೈಲಿನಲ್ಲಿ ಕೂರುತ್ತಿದ್ದರು. ನನ್ನ ಆಫೀಸಿನ ಹಿರಿಯರೊಬ್ಬರು ಇವತ್ತಿಗೂ ಅದನ್ನು ನೆನೆಯುತ್ತಾರೆ. ಈಗ ಅಲ್ಲಿ ಸಮುದ್ರದ ತಳದಲ್ಲಿ 18 ಕಿಲೋಮೀಟರ್ ಸುರಂಗ ಕಟ್ಟುತ್ತಿದ್ದಾರೆ. ಅದು ಮುಗಿಯುವವರೆಗೆ ರೈಲು ಪಶ್ಚಿಮಕ್ಕೆ ಸುತ್ತು ಹಾಕಿ, ಓಡೆನ್ಸೆ ಮೇಲೆ, ದೊಡ್ಡ ಸೇತುವೆ ಮತ್ತು ಸುರಂಗ ದಾಟಿ ಹೋಗುತ್ತದೆ. ಹಡಗಿನ ಕಾಲದಲ್ಲಿ ಡೆಕ್ ಮೇಲೆ ಜನ ಮಾತಾಡುತ್ತಿದ್ದರಾ ಅಂತ ಅವರನ್ನು ಕೇಳಿದೆ. “ಗಾಳಿ ಜಾಸ್ತಿ ಇರುತ್ತಿತ್ತು, ಏನೂ ಕೇಳುತ್ತಿರಲಿಲ್ಲ” ಅಂದರು.

ಕೋಪನ್‌ಹೇಗನ್‌ನಲ್ಲಿ ರೈಲು ತಪ್ಪಿತು. ಆಗ ಗೊತ್ತಾದ ಸಂಗತಿಯನ್ನು ಇಲ್ಲಿ ಓಡಾಡುವವರಿಗೆ ಹೇಳಲೇಬೇಕು. ಯೂರೋಪಿನ ರೈಲು ನಿಯಮ ಒಳ್ಳೆಯದೇ. ತಲುಪುವುದು ಒಂದು ಗಂಟೆ ತಡವಾದರೆ ಟಿಕೆಟ್ ಬೆಲೆಯ ಕಾಲು ಭಾಗ, ಎರಡು ಗಂಟೆ ದಾಟಿದರೆ ಅರ್ಧ ಭಾಗ ವಾಪಸ್. ಮುಂದಿನ ರೈಲು ತಪ್ಪಿದರೆ ಬೇರೆ ರೈಲಿನಲ್ಲಿ ಕಳಿಸುವುದೂ ಅವರದೇ ಜವಾಬ್ದಾರಿ. ಆದರೆ ಎಲ್ಲವೂ ಒಂದೇ ಟಿಕೆಟ್ ಆಗಿರಬೇಕು. ನಾನು ಅಗ್ಗಕ್ಕೆ ಸಿಕ್ಕಿತು ಅಂತ ಮೂರು ಕಡೆ ಮೂರು ಟಿಕೆಟ್ ಕೊಂಡಿದ್ದೆ. ಮೊದಲ ಕಂಪನಿಯ ತಡಕ್ಕೂ ಎರಡನೇ ಕಂಪನಿಯ ರೈಲಿಗೂ ಸಂಬಂಧ ಇಲ್ಲ. ಇಬ್ಬರೂ ಬಹಳ ವಿನಯದಿಂದ ಇನ್ನೊಬ್ಬರ ಕಡೆ ಕೈ ತೋರಿಸಿದರು. ಹೆಸರು ಹೇಳಿ ಪ್ರಯೋಜನ ಇಲ್ಲ, ಈ ವಿಷಯದಲ್ಲಿ ಎಲ್ಲರೂ ಒಂದೇ.

ನಮ್ಮ ರೈಲ್ವೆಯನ್ನು ಬೈಯುವಾಗ ಮರೆತುಬಿಡುವ ಒಂದು ವಿಷಯ ಆಗ ನೆನಪಾಯಿತು. 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಎರಡು ಪಿಎನ್‌ಆರ್ ಜೋಡಿಸಬಹುದು. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಹೋಗದೇ ಉಳಿದ ಪ್ರಯಾಣದ ದುಡ್ಡು ಕಡಿತವಿಲ್ಲದೆ ವಾಪಸ್ ಬರುತ್ತದೆ. ಅಷ್ಟು ದೊಡ್ಡ ದೇಶಕ್ಕೆ ಒಂದೇ ರೈಲ್ವೆ ಇರುವುದರ ಲಾಭ ಅದು. ಇಲ್ಲಿ ಒಂದೇ ದಿನಕ್ಕೆ ಮೂರು ದೇಶ, ಮೂರು ಕಂಪನಿ, ಮೂರು ಆ್ಯಪ್. ಅವನ್ನೆಲ್ಲ ಜೋಡಿಸುವ ಕೆಲಸ ಪ್ರಯಾಣಿಕನದು.

ಓರೆಸುಂಡ್ ಸೇತುವೆ ದಾಟಿದ್ದು ಚೆನ್ನಾಗಿತ್ತು. ಮೊದಲು ನಾಲ್ಕು ಕಿಲೋಮೀಟರ್ ಸುರಂಗ, ಆಮೇಲೆ ಮನುಷ್ಯರೇ ಮಾಡಿದ ಒಂದು ದ್ವೀಪ, ಆಮೇಲೆ ಸುಮಾರು ಎಂಟು ಕಿಲೋಮೀಟರ್ ಸೇತುವೆ. 2000ದಲ್ಲಿ ತೆರೆದದ್ದು. ಮೇಲೆ ಕಾರು, ಕೆಳಗೆ ರೈಲು. ಕಂಬಗಳ ನಡುವಿನಿಂದ ಸಮುದ್ರ ತುಂಡು ತುಂಡಾಗಿ ಕಾಣುತ್ತದೆ. ಸ್ವೀಡನ್ನಿನ ಮೊದಲ ನಿಲ್ದಾಣ ಹಿಲ್ಲಿಯಲ್ಲಿ ಪೊಲೀಸರು ಹತ್ತಿ ಗುರುತಿನ ಚೀಟಿ ನೋಡಿದರು. ಎಲ್ಲರದ್ದೂ ನೋಡಿದರು. ಆದರೆ ನಾನು ಮಾತ್ರ ಅವರು ಬರುವ ಮೊದಲೇ ಪಾಸ್‌ಪೋರ್ಟ್, ಪರ್ಮಿಟ್ ಎರಡನ್ನೂ ಕೈಯಲ್ಲಿ ಹಿಡಿದು ಕೂತಿದ್ದೆ. ಎದುರಿಗಿದ್ದ ಹುಡುಗಿ ಬ್ಯಾಗಿನ ತಳದಲ್ಲೆಲ್ಲೋ ಹುಡುಕುತ್ತಿದ್ದಳು, ಸಿಗದಿದ್ದರೂ ಅವಳಿಗೆ ಗಾಬರಿ ಇರಲಿಲ್ಲ. ಈ ಹಿಡಿದು ಕೂರುವುದು ಕೂಡ ಸುಸ್ತೇ. ಹೊರನಾಡಿನಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸ್ಟಾಕ್‌ಹೋಮ್ ರೈಲಿನಲ್ಲಿ ಸಿಕ್ಕ ಸೀಟು ಮೌನದ ಬೋಗಿಯಲ್ಲಿತ್ತು. ಇಲ್ಲಿನ ರೈಲುಗಳಲ್ಲಿ ಮಾತಾಡಬಾರದ ಬೋಗಿ ಅಂತಲೇ ಒಂದು ಇರುತ್ತದೆ. ಬೇರೆ ಬೋಗಿಗಳಲ್ಲಿ ಮಾತಾಡಿದ್ದನ್ನೇ ನಾನು ಕಂಡಿಲ್ಲ, ಅದಕ್ಕೇ ಅಂತ ಬೇರೆ ಯಾಕೆ ಬೇಕೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಹೊಸಪೇಟೆಯಿಂದ ಅಮ್ಮನ ಫೋನ್. ಅಮ್ಮನಿಗೆ ಫೋನ್ ಅಂದರೆ ದೂರಕ್ಕೆ ತಕ್ಕ ಹಾಗೆ ದನಿ ಏರಿಸಬೇಕಾದ ಯಂತ್ರ. “ಎಲ್ಲಿದೀ? ಊಟ ಆತಾ? ಜತಿಗೆ ಯಾರದಾರ?” ನಾನು ಪಿಸುಮಾತಿನಲ್ಲಿ “ಯಾರೂ ಇಲ್ಲಮ್ಮ, ಒಬ್ನೇ” ಅಂದೆ. “ಅಯ್ಯ, ರೈಲಿನ್ಯಾಗ ಯಾರೂ ಇಲ್ಲೇನು?” ಎದುರಿನ ಮನುಷ್ಯ ತಲೆ ಎತ್ತಲಿಲ್ಲ. ಬೆರಳಿನಿಂದ ಕಿಟಕಿ ಮೇಲಿನ ಫಲಕ ತೋರಿಸಿದ, ಅಷ್ಟೇ. ಅಮ್ಮನ ಪ್ರಶ್ನೆಗೆ ಉತ್ತರ ಕೊಡದೆಯೇ ಫೋನ್ ಇಟ್ಟೆ.

ಸ್ಟಾಕ್‌ಹೋಮ್ ತಲುಪಿದಾಗ ನಾರ್ವಿಕ್ ರೈಲು ಹೋಗಿ ಬಹಳ ಹೊತ್ತಾಗಿತ್ತು. ಒಂದು ರಾತ್ರಿ, ಒಂದು ಹಗಲು ಅಲ್ಲೇ ಕಳೆದೆ. ಊರು ಹೇಗಿತ್ತು ಅಂತ ಕೇಳಬೇಡಿ, ಹೆಗಲ ಮೇಲಿನ ಬ್ಯಾಗ್ ಬಿಟ್ಟು ಬೇರೇನೂ ನೆನಪಿಲ್ಲ. ಮಿಡ್‌ಸಮ್ಮರ್ ಹಬ್ಬದ ಹಿಂದಿನ ವಾರ ಅದು, ಅರ್ಧ ಸ್ವೀಡನ್ ಊರಿಗೆ ಹೊರಟಿತ್ತು. ನಮ್ಮ ಗೌರಿ ಗಣೇಶದ ಹಾಗೆ. ಆರು ಜನರ ಕೋಣೆಯಲ್ಲಿ ನಡುವಿನ ಬರ್ತ್ ಒಂದೇ ಖಾಲಿ ಇತ್ತು. ಟಿಕೆಟ್ಟಿಗೆ ಎರಡನೇ ಸಲ ದುಡ್ಡು ಕೊಟ್ಟೆ.

ಆ ಕೋಣೆಯನ್ನು ನೋಡಿದ ಕೂಡಲೇ ಮನೆಗೆ ಬಂದ ಹಾಗಾಯಿತು. ಈ ಕಡೆ ಮೂರು, ಆ ಕಡೆ ಮೂರು. ಕೆಳಗಿನದು, ನಡುವಿನದು, ಮೇಲಿನದು. ನಮ್ಮ ಸ್ಲೀಪರ್ ಬೋಗಿಯೇ, ಬಾಗಿಲು ಒಂದು ಜಾಸ್ತಿ. ನಡುವಿನ ಬರ್ತಿನ ಕಷ್ಟವೂ ಅದೇ: ಕೆಳಗಿನವರು ಕೂತಿರುವ ತನಕ ಅದನ್ನು ಎತ್ತುವ ಹಾಗಿಲ್ಲ. ನಮ್ಮಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅಂತ ನಿಯಮವೇ ಇದೆ. ನಿಯಮ ಇದ್ದರೂ ಜಗಳ ತಪ್ಪಿದ್ದಲ್ಲ. ಆದರೆ ಜಗಳಕ್ಕೆ ಮೊದಲು ಒಬ್ಬರಾದರೂ “ಮಲ್ಕೊಳ್ಳೋಣೇನ್ರಿ?” ಅಂತ ಕೇಳುತ್ತಾರೆ. ಇಲ್ಲಿ ಕೇಳುವವರಿಲ್ಲ. ರಾತ್ರಿ ಒಂಬತ್ತೂವರೆ ಹೊತ್ತಿಗೆ ಒಬ್ಬಾಕೆ ಎದ್ದು ಹೊರಗೆ ಪಡಸಾಲೆಯಲ್ಲಿ ನಿಂತರು. ಆಮೇಲೆ ಇನ್ನೊಬ್ಬ. ಹತ್ತು ನಿಮಿಷದಲ್ಲಿ ಐದು ಜನ ಹೊರಗೆ ನಿಂತು ಕಿಟಕಿ ನೋಡುತ್ತಿದ್ದೆವು. ಒಳಗೆ ಕೂತವನು ನಮ್ಮನ್ನು ನೋಡಿ ಅರ್ಥ ಮಾಡಿಕೊಂಡು ಎದ್ದ. ಮಾತೇ ಇಲ್ಲದೆ ಬರ್ತ್ ಮೇಲೆ ಬಂತು. ಸ್ವಲ್ಪ ಬೆರಗೇ ಆಯಿತು ನನಗೆ. ಮಾತಿಲ್ಲ ಅಂದರೆ ಲಕ್ಷ್ಯ ಇಲ್ಲ ಅಂತಲ್ಲ, ಇವರು ಕಣ್ಣಿನಲ್ಲಿ ಕೇಳುತ್ತಾರೆ. ನನಗೆ ಆ ಭಾಷೆ ಅಭ್ಯಾಸ ಇಲ್ಲ.

ಮಲಗುವ ಮೊದಲು ಹಸಿವು. ಊರಿಂದ ಬಂದಿದ್ದ ಗೆಳೆಯ ತಂದುಕೊಟ್ಟ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬ್ಯಾಗಿನಲ್ಲಿತ್ತು. ಎರಡು ದಿನದಿಂದ ಅದನ್ನು ತೆಗೆಯಲು ಧೈರ್ಯ ಬಂದಿರಲಿಲ್ಲ. ಬೆಳ್ಳುಳ್ಳಿ ವಾಸನೆ ಒಂದು ಕಡೆ, ಆ ರೊಟ್ಟಿ ಮುರಿಯುವ ಸದ್ದು ಇನ್ನೊಂದು ಕಡೆ. ಕೊನೆಗೆ ಪ್ಲಾಸ್ಟಿಕ್ ಕವರಿನೊಳಗೇ ಕೈ ಹಾಕಿ ಮೆಲ್ಲಗೆ ಮುರಿದೆ. ಕಟಕ್! ಕೋಣೆಯಲ್ಲಿ ಎಲ್ಲರ ತಲೆ ಒಮ್ಮೆ ಅಲುಗಿತು. ಎದುರು ಕೆಳಗಿನ ಬರ್ತಿನ ಆಕೆ, ಅರವತ್ತರ ಆಸುಪಾಸು, ನನ್ನ ಕೈ ನೋಡಿ ಒಂದೇ ಶಬ್ದ ಕೇಳಿದರು: “ಕ್ನೆಕೆಬ್ರೋಡ್?”

ಸ್ವೀಡನ್ನಿನವರ ಕಟಕ್ ರೊಟ್ಟಿ ಅದು. ರೈ ಹಿಟ್ಟಿನದು, ದುಂಡಗೆ, ತೆಳ್ಳಗೆ, ಒಣಗಿದ್ದು. ಹಿಂದೆ ನಡುವೆ ತೂತು ಮಾಡಿ ಕೋಲಿಗೆ ಪೋಣಿಸಿ ಅಟ್ಟಕ್ಕೆ ತೂಗುಹಾಕುತ್ತಿದ್ದರಂತೆ, ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲವಂತೆ. ನಾನು ಒಂದು ತುಂಡು ಕೊಟ್ಟೆ. ಆಕೆ ತಿಂದು “ಜೋಳ” ಅನ್ನುವ ಶಬ್ದವನ್ನು ಎರಡು ಸಲ ಹೇಳಿ ನೋಡಿದರು. ಚಟ್ನಿಪುಡಿ ಬೇಡ ಅಂದರು. ನನಗೆ ಆಸೆ ಹುಟ್ಟಿತು. ಇನ್ನು ಮಾತು ಶುರುವಾಗುತ್ತದೆ, ಯಾವ ಊರು, ಎಷ್ಟು ಮಕ್ಕಳು, ಎಲ್ಲಾ ಬರುತ್ತದೆ ಅಂತ ಕಾದೆ. ಆಕೆ “ತಾಕ್” ಅಂದರು, ಅಂದರೆ ಥ್ಯಾಂಕ್ಸ್. ದೀಪ ಆರಿಸಿ ಆ ಕಡೆ ತಿರುಗಿ ಮಲಗಿದರು.

ದೀಪ ಆರಿತು, ಕತ್ತಲೆ ಆಗಲಿಲ್ಲ. ಜೂನ್‌ನಲ್ಲಿ ಅಷ್ಟು ಉತ್ತರದಲ್ಲಿ ಕತ್ತಲೆ ಅನ್ನುವುದೇ ಇಲ್ಲ. ಪರದೆಯ ಸಂದಿನಿಂದ ಬೆಳಕು ಬರುತ್ತಲೇ ಇತ್ತು. ಎರಡು ಗಂಟೆಗೆ ಕಣ್ಣು ಬಿಟ್ಟರೆ ಬೆಳಗಾದಷ್ಟು ಬೆಳಕು, ಕಿಟಕಿ ತುಂಬ ಬರ್ಚ್ ಮರ, ಪೈನ್ ಮರ, ಕೆರೆ, ಮತ್ತೆ ಪೈನ್ ಮರ. ಮೂರಕ್ಕೆ ನೋಡಿದರೂ ಅವೇ. ಯಾವ ಊರು ಹೋಯಿತೋ, ಯಾವುದು ಬರುತ್ತದೋ. ನಾರ್ವಿಕ್ ಕೊನೆಯ ನಿಲ್ದಾಣ, ತಪ್ಪಿಸಿಕೊಳ್ಳುವ ಪ್ರಶ್ನೆಯೇ ಇಲ್ಲ ಅಂತ ಗೊತ್ತಿದ್ದರೂ ಮೂರು ಅಲಾರಾಂ ಇಟ್ಟಿದ್ದೆ. ದಾರಿಯಲ್ಲಿ ಎಲ್ಲಾದರೂ ರೈಲು ಬದಲಿಸಿ ಅಂದರೆ? ಬಸ್ಸಿಗೆ ಹತ್ತಿಸಿದರೆ? ಹೇಳುವುದು ಸ್ವೀಡಿಷ್ ಭಾಷೆಯಲ್ಲಿ, ಮಲಗಿದ್ದರೆ ನನಗೆ ಗೊತ್ತಾಗುವುದು ಹೇಗೆ? ಈ ಮಾರ್ಗದಲ್ಲಿ ಅದು ಬರೀ ನನ್ನ ಹೆದರಿಕೆಯೂ ಅಲ್ಲ. 2023ರ ಡಿಸೆಂಬರ್‌ನಲ್ಲಿ ವಾಸ್ಸಿಯೌರೆ ಹತ್ತಿರ ಅದಿರಿನ ರೈಲು ಹಳಿ ತಪ್ಪಿ ಎರಡು ತಿಂಗಳು ದಾರಿ ಮುಚ್ಚಿತ್ತು. ತೆರೆದು ವಾರ ತುಂಬುವ ಮೊದಲೇ ಇನ್ನೊಂದು ರೈಲು ಹಳಿ ತಪ್ಪಿತು.

ಆಗ ನನಗೆ ಹೊಳೆದದ್ದು ಇಷ್ಟು. ನನ್ನನ್ನು ದಣಿಸುತ್ತಿದ್ದದ್ದು ಕಾವಲು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ನನ್ನ ಎಚ್ಚರವನ್ನು ಎದುರು ಸೀಟಿನವರ ಕೈಗೆ ಕೊಟ್ಟು ಮಲಗುತ್ತಿದ್ದೆ. ಇಲ್ಲಿ ಎರಡು ದಿನದಿಂದ ಅದನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ಪ್ಲಾಟ್‌ಫಾರಂ ಬದಲಾಯಿತಾ, ಬೋಗಿ ಯಾವುದು, ಸೀಟು ಯಾವುದು, ಚಾರ್ಜ್ ಎಷ್ಟಿದೆ, ಬ್ಯಾಗ್ ಎಲ್ಲಿದೆ, ಎಲ್ಲಕ್ಕೂ ನಾನೊಬ್ಬನೇ ಕಾವಲುಗಾರ.

ಬ್ಯಾಗಿನ ವಿಷಯ ಬಂತಲ್ಲ. ಇಲ್ಲಿ ಜನ ಲ್ಯಾಪ್‌ಟಾಪ್ ಟೇಬಲ್ ಮೇಲೆ ಬಿಟ್ಟು ಊಟದ ಬೋಗಿಗೆ ಹೋಗಿ ಅರ್ಧ ಗಂಟೆ ಬರುವುದಿಲ್ಲ. ಯಾರಿಗೂ ನೋಡಿಕೊಳ್ಳಿ ಅಂತ ಹೇಳುವುದೂ ಇಲ್ಲ. ನಮ್ಮಲ್ಲಿ “ಸ್ವಲ್ಪ ಬ್ಯಾಗ್ ನೋಡ್ಕೊಳ್ರಿ” ಅಂತ ಗುರುತಿಲ್ಲದವರಿಗೆ ಒಪ್ಪಿಸಿ ಹೋಗುತ್ತೇವೆ. ಜೊತೆಗೆ ಬ್ಯಾಗಿಗೆ ಸರಪಳಿಯನ್ನೂ ಹಾಕಿರುತ್ತೇವೆ! ಇವರು ಕೇಳದೆಯೇ ನಂಬುತ್ತಾರೆ. ನಾವು ಕೇಳಿ ನಂಬುತ್ತೇವೆ, ಬೀಗದ ಕೈ ಮಾತ್ರ ಜೇಬಿನಲ್ಲಿ. ನಾನು ಎರಡರ ನಡುವೆ ಸಿಕ್ಕಿಕೊಂಡವನು. ಕೇಳಲು ನಾಚಿಕೆ, ಬಿಟ್ಟು ಹೋಗಲು ಭಯ. ಹಾಗಾಗಿ ಟಾಯ್ಲೆಟ್ಟಿಗೂ ಬ್ಯಾಗ್ ಹೊತ್ತುಕೊಂಡೇ ಹೋದೆ.

ಬೆಳಗಿನ ಜಾವ, ಬಿಸಿಲಿತ್ತು ಬಿಡಿ, ಮೇಲಿನ ಬರ್ತಿನ ಹುಡುಗನ ಅಲಾರಾಂ ಹೊಡೆಯತೊಡಗಿತು. ದಿಂಬಿನ ಕೆಳಗಿನಿಂದ ಗುಂಯ್ ಗುಂಯ್. ಅವನು ಏಳಲಿಲ್ಲ. ಅದು ನಿಂತಿತು, ಮತ್ತೆ ಹೊಡೆಯಿತು. ಎಲ್ಲರಿಗೂ ಎಚ್ಚರವಾಗಿದೆ ಅಂತ ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಆದರೆ ಒಬ್ಬರೂ ಅಲುಗಲಿಲ್ಲ. ಐದು ಜನ ಮಲಗಿಕೊಂಡು ಆರನೆಯವನ ಅಲಾರಾಂ ಕೇಳುತ್ತಿದ್ದೆವು. ಹೊರಗೆ ಯಾವುದೋ ಸ್ಟೇಷನ್ ಹತ್ತಿರ ಬರುತ್ತಿತ್ತು, ರೈಲು ನಿಧಾನವಾಗುತ್ತಿತ್ತು. ನನ್ನಿಂದ ತಡೆಯಲಾಗಲಿಲ್ಲ. ಎದ್ದು ಕೈ ಚಾಚಿ ಅವನ ಕಾಲು ಹಿಡಿದು ಅಲ್ಲಾಡಿಸಿದೆ. “ಹಲೋ, ನಿಮ್ಮ ಸ್ಟೇಷನ್!”

ಹುಡುಗ ದಡಕ್ಕನೆ ಎದ್ದು ಕೂತ. ಛಾವಣಿಗೆ ತಲೆ ಬಡಿಯಿತು. ನನ್ನನ್ನು ನೋಡಿದ, ಕಿಟಕಿ ನೋಡಿದ, ಫೋನ್ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ: ಅದು ಅವನು ದಿನಾ ಕೆಲಸಕ್ಕೆ ಏಳುವ ಅಲಾರಾಂ, ಆರಿಸಲು ಮರೆತಿದ್ದಾನೆ, ಅವನು ಇಳಿಯಬೇಕಾದ್ದು ಕಿರುನಾದಲ್ಲಿ, ಇನ್ನೂ ಬಹಳ ಹೊತ್ತಿದೆ. ತಾಕ್ ಅಂದು ಮತ್ತೆ ಮಲಗಿದ. ಕೆಳಗಿನ ಬರ್ತಿನ ಆಕೆ, ಕಣ್ಣು ಮುಚ್ಚಿಕೊಂಡೇ, ಇಂಗ್ಲಿಷಿನಲ್ಲಿ ಕೇಳಿದರು: “ಇದೇ ಅವನ ಸ್ಟೇಷನ್ ಅಂತ ನಿಮಗೆ ಹೇಗೆ ಗೊತ್ತಾಯಿತು?”

“ಗೊತ್ತಿರಲಿಲ್ಲ” ಅಂದೆ.

ಇದನ್ನು ತಂಗಿಗೆ ಹೇಳಿದಾಗ ಅವಳು ನಗಲಿಲ್ಲ. ಅವಳೂ ಪರೀಕ್ಷೆ, ಇಂಟರ್‌ವ್ಯೂ ಅಂತ ಅದೇ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಒಬ್ಬಳೇ ಓಡಾಡಿದವಳು. “ನಿನ್ನ ಕಾಲು ಅಲ್ಲಾಡಿಸಿ ಎಬ್ಬಿಸೋರು ನಿನಗ ಒಳ್ಳೇರು. ನಾನು ಒಂದು ರಾತ್ರಿನೂ ಯಾರಿಗೂ ಎಬ್ಬಿಸ್ರಿ ಅಂತ ಹೇಳಿಲ್ಲ. ಚಾದರ ತಲಿ ಮ್ಯಾಲ ಹೊದ್ಕೊಂಡು ಬಳ್ಳಾರಿ ತನಕ ಎಚ್ಚರನ ಇರ್ತಿದ್ದೆ” ಅಂದಳು. ಸ್ವೀಡನ್ನಿನ ರಾತ್ರಿ ರೈಲಿನಲ್ಲಿ ಹೆಂಗಸರಿಗೇ ಅಂತ ಬೇರೆ ಕೋಣೆ ಇರುತ್ತದೆ, ಬಾಗಿಲಿಗೆ ಒಳಗಿನಿಂದ ಚಿಲಕ ಇರುತ್ತದೆ ಅಂದಾಗ, “ಅಲ್ಲಿಗೆ ಟಿಕೆಟ್ ಎಷ್ಟು?” ಅಂತ ಕೇಳಿದಳು. ನಾನು ಎರಡು ದಿನ ಹೊತ್ತ ಕಾವಲನ್ನು ಅವಳು ಊರಿನ ರೈಲಿನಲ್ಲೇ ಪ್ರತಿ ಸಲ ಹೊತ್ತಿದ್ದಳು. ಅಷ್ಟು ವರ್ಷ ಅದೇ ಬೋಗಿಯಲ್ಲಿ ಓಡಾಡಿಯೂ ನನಗೆ ಇದು ಹೊಳೆದಿರಲಿಲ್ಲ.

ನಮ್ಮ ಬೋಗಿಯ ಮಾತಿನ ಇನ್ನೊಂದು ಮುಖ ನನಗೂ ಗೊತ್ತು. “ಯಾವೂರು?” ಅಂತ ಶುರುವಾದದ್ದು ನಾಲ್ಕನೇ ಪ್ರಶ್ನೆಗೆ “ನೀವು ಯಾವ ಜನ?” ಅನ್ನುವಲ್ಲಿಗೆ ಬರುತ್ತದೆ. ಉತ್ತರ ಕೇಳಿದ ಮೇಲೆ ಚಾಚಿದ ಡಬ್ಬಿ ಮೆಲ್ಲಗೆ ಹಿಂದಕ್ಕೆ ಹೋದದ್ದನ್ನು ನಾನೇ ಕಂಡಿದ್ದೇನೆ. ಆ ಕ್ನೆಕೆಬ್ರೋಡ್ ಅಮ್ಮ ನನ್ನ ರೊಟ್ಟಿ ತಿನ್ನುವ ಮೊದಲು ಏನೂ ಕೇಳಲಿಲ್ಲ. ಅದು ಬೇಕು. ನನಗೆ ಅದೂ ಬೇಕು, ಕಾಲು ಹಿಡಿದು ಎಬ್ಬಿಸುವವರೂ ಬೇಕು. ಆಸೆ ಜಾಸ್ತಿಯಾಯಿತು ಅಂತೀರಾ, ಇರಲಿ.

ಯೆಲ್ಲಿವಾರೆ ಅನ್ನುವ ಊರಿಗಿಂತ ಮೊದಲೇ ರೈಲು ಆರ್ಕ್‌ಟಿಕ್ ವೃತ್ತ ದಾಟಿತ್ತು. ಫಲಕ ನೋಡಬೇಕು ಅಂತ ಎದ್ದು ಕೂತಿದ್ದೆ, ಸರಿಯಾಗಿ ಆಗಲೇ ಎದುರಿನಿಂದ ಗೂಡ್ಸ್ ಗಾಡಿ ಅಡ್ಡ ಬಂತು. ಮೊದಲು ಬೇಸರವಾಯಿತು. ಆಮೇಲೆ ಆ ಗಾಡಿಯನ್ನೇ ನೋಡುತ್ತಾ ಕೂತೆ. ಅದಿರು. ಹೊಸಪೇಟೆಯವನಿಗೆ ಅದಿರಿನ ವ್ಯಾಗನ್ ಗುರುತು ಹಿಡಿಯಲು ಯಾರೂ ಹೇಳಿಕೊಡಬೇಕಿಲ್ಲ.

ಈ ರೈಲು ಮಾರ್ಗ ಇರುವುದೇ ಅದಿರಿಗೋಸ್ಕರ. ಕಿರುನಾದಲ್ಲಿ ನೆಲದಡಿ ದೊಡ್ಡ ಕಬ್ಬಿಣದ ಗಣಿ. ಪೂರ್ವದ ಲುಲಿಯೋ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಪಶ್ಚಿಮದ ನಾರ್ವಿಕ್ ಸಮುದ್ರದ ಬಿಸಿನೀರಿನ ಪ್ರವಾಹದಿಂದಾಗಿ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಬೆಟ್ಟ ಕಡಿದು ಅಲ್ಲಿಗೆ ಹಳಿ ಹಾಕಿದರು, 1903ರಲ್ಲಿ ಉದ್ಘಾಟನೆ ಆಯಿತು. ಈಗ ಓಡುವ ಗಾಡಿಗೆ 68 ವ್ಯಾಗನ್, ಮುಕ್ಕಾಲು ಕಿಲೋಮೀಟರ್ ಉದ್ದ, ಎಂಟು ಸಾವಿರ ಟನ್ನಿಗೂ ಹೆಚ್ಚು ತೂಕ. ಗಡಿ ದಾಟಿ ಸಮುದ್ರದ ಕಡೆ ಇಳಿಯುವಾಗ ಆ ತೂಕವೇ ಬ್ರೇಕಿನಿಂದ ಕರೆಂಟ್ ಹುಟ್ಟಿಸುತ್ತದೆ, ಖಾಲಿ ಗಾಡಿಗಳು ಮೇಲೆ ಹತ್ತಲು ಅದು ಸಾಕಾಗುತ್ತದೆ ಅನ್ನುತ್ತಾರೆ.

ಗಣಿ ಅಗೆದು ಅಗೆದು ಕಿರುನಾ ಊರಿನ ಕೆಳಗಿನ ನೆಲ ಕುಸಿಯುತ್ತಿದೆ. ಅದಕ್ಕೆ ಊರನ್ನೇ ಮೂರು ಕಿಲೋಮೀಟರ್ ಆಚೆ ಕಟ್ಟುತ್ತಿದ್ದಾರೆ. 2025ರ ಆಗಸ್ಟ್‌ನಲ್ಲಿ ಅಲ್ಲಿನ 1912ರ ಮರದ ಚರ್ಚನ್ನು, 672 ಟನ್ ತೂಕದ್ದು, ಬಿಚ್ಚದೆ ಹಾಗೇ ಎತ್ತಿ ಚಕ್ರದ ಮೇಲಿಟ್ಟು ಎರಡು ದಿನದಲ್ಲಿ ಐದು ಕಿಲೋಮೀಟರ್ ಸಾಗಿಸಿದರು. ನಾನು ಹಾದುಹೋದಾಗ ಅದು ಹಳೆಯ ಜಾಗದಲ್ಲೇ ಇತ್ತು. ಆ ಸಾಗಣೆಯನ್ನು ಮನೆಯಲ್ಲಿ ಕೂತು ನೇರಪ್ರಸಾರದಲ್ಲಿ ನೋಡಿದೆ. ಹಿಮಸಾರಂಗ ಮೇಯಿಸುವ ಸಾಮಿ ಜನರಿಗೆ ಇದೆಲ್ಲ ಒಪ್ಪಿಗೆ ಇಲ್ಲ, ಗಣಿ ಬೆಳೆದಷ್ಟೂ ಅವರ ಹಿಂಡು ನಡೆಯುವ ದಾರಿ ತುಂಡಾಗುತ್ತದೆ. ಆದರೂ ಊರು ಹಾಳಾದರೆ ಬೇರೆ ಊರು ಕಟ್ಟಿಕೊಡಬೇಕು ಅನ್ನುವ ಲೆಕ್ಕವಾದರೂ ಅಲ್ಲಿ ಇದೆ. ನಾನು ಕಂಡ ಲೆಕ್ಕ ಬೇರೆ. ಬೀಜಿಂಗ್ ಒಲಿಂಪಿಕ್ಸ್ ಕಾಲದಲ್ಲಿ, ಚೀನಾಕ್ಕೆ ನಮ್ಮ ಅದಿರು ಹೋಗುತ್ತಿದ್ದಾಗ, ಚಿಕ್ಕಪ್ಪ ಸಾಲ ಮಾಡಿ ಎರಡು ಲಾರಿ ತಗೊಂಡಿದ್ದ. ಸಂಡೂರು, ಹೊಸಪೇಟೆ ದಾರಿಯಲ್ಲಿ ಲಾರಿಗಳ ಸಾಲು ಕೊನೆ ಕಾಣುತ್ತಿರಲಿಲ್ಲ. ಒಣಹಾಕಿದ ಬಟ್ಟೆ ಕೆಂಪು, ಬೇವಿನ ಎಲೆ ಕೆಂಪು, ಮೂಗು ಸೀನಿದರೆ ಕರವಸ್ತ್ರ ಕೆಂಪು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ಮನೆ ಮುಂದೆ ನಿಂತವು, ಕಂತು ನಿಲ್ಲಲಿಲ್ಲ.

ಅಬಿಸ್ಕೊ ದಾಟಿದ ಮೇಲೆ ಮರಗಳು ಕುಳ್ಳಾಗುತ್ತಾ ಬಂದವು. ಎಡಕ್ಕೆ ಬೆಟ್ಟಗಳ ತಲೆಯಲ್ಲಿ ಹಿಮ, ಬಲಕ್ಕೆ ಉದ್ದನೆಯ ಕೆರೆ. ಕೋಣೆಯಲ್ಲಿ ನಾನು ಮತ್ತು ಆಕೆ ಇಬ್ಬರೇ ಉಳಿದಿದ್ದೆವು. ಆಕೆ ಥರ್ಮಾಸ್ ತೆಗೆದು ಎರಡು ಲೋಟಕ್ಕೆ ಕಾಫಿ ಬಗ್ಗಿಸಿದರು, ಒಂದನ್ನು ನನ್ನ ಕಡೆ ತಳ್ಳಿದರು. ನಾನು ಉಳಿದ ರೊಟ್ಟಿ ತೆಗೆದೆ. ಗಡಿ ದಾಟಿ ಫ್ಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳಚಾಚಿದ ಸಮುದ್ರ, ಕಾಣುವವರೆಗೂ ಇಬ್ಬರೂ ಮಾತಾಡಲಿಲ್ಲ. ಕಟಕ್ ಕಟಕ್ ಅಂತ ರೊಟ್ಟಿ ಮುರಿಯುವ ಸದ್ದು ಮಾತ್ರ. ನಿಜ ಹೇಳಬೇಕೆಂದರೆ ಆ ಅರ್ಧ ಗಂಟೆ ಒಂದರಲ್ಲೇ ನನಗೆ ಸುಸ್ತು ಗೊತ್ತಾಗಲಿಲ್ಲ. ಒಮ್ಮೆ ಸಣ್ಣಗೆ ನಿದ್ದೆ ಕೂಡ ಬಂತು.

ನಾರ್ವಿಕ್‌ನಲ್ಲಿ ಹಳಿ ಮುಗಿಯುತ್ತದೆ. ನಾರ್ವೆಯ ಉಳಿದ ರೈಲುಗಳಿಗೂ ಈ ಹಳಿಗೂ ಸಂಬಂಧವೇ ಇಲ್ಲ, ದಕ್ಷಿಣಕ್ಕೆ ಹೋಗಬೇಕಾದರೆ ಗಂಟೆಗಟ್ಟಲೆ ಬಸ್ಸು. ಸ್ಟೇಷನ್ನಿನಿಂದ ಹೊರಗೆ ಬಂದು, ಬಂದರಿನ ಬೇಲಿ ಪಕ್ಕದ ರಸ್ತೆಯಲ್ಲಿ ನಿಂತೆ. ಬೇಲಿಯ ಕಂಬಿ ಮೇಲೆ ಬೆರಳು ಎಳೆದರೆ ಪುಡಿ ಅಂಟಿತು. ಕಪ್ಪು. ಕಿರುನಾದ್ದು ಮ್ಯಾಗ್ನೆಟೈಟ್ ಅದಿರು, ನಮ್ಮ ಕುದುರೆಮುಖದಲ್ಲಿ ಇದ್ದದ್ದೂ ಅದೇ. ಬಳ್ಳಾರಿ ಕಡೆಯದು ಹೆಮಟೈಟ್, ಕೆಂಪು.

ಕಪ್ಪು ಬೆರಳಿನ ಫೋಟೋ ತೆಗೆದು ಚಿಕ್ಕಪ್ಪನಿಗೆ ಕಳಿಸಿದೆ. “ಇಲ್ಲಿನ ಅದಿರು” ಅಂತ ಬರೆದೆ. ಎರಡು ನಿಮಿಷದಲ್ಲಿ ಉತ್ತರ ಬಂತು.

“ಇದು ಅದಿರಾ? ಬೂದಿ ಇದ್ದಂಗ ಐತಲ್ಲೋ.” ಅದರ ಕೆಳಗೆ ಇನ್ನೊಂದು. “ಕಣ್ಣು ಯಾಕ ಅಷ್ಟು ಕೆಂಪಗದಾವು? ನಿದ್ದಿ ಮಾಡಿಲ್ಲೇನು?”

ಫೋಟೋ ಮತ್ತೆ ತೆರೆದು ನೋಡಿದೆ. ಬೆರಳಿನ ಹಿಂದೆ, ಪಕ್ಕದಲ್ಲಿ ನಿಂತಿದ್ದ ಕಾರಿನ ಗಾಜಿನಲ್ಲಿ, ನನ್ನ ಮುಖ ಬಂದಿತ್ತು.